ಏಟು ತಿಂದ ಹಾಸ್ಟೆಲ್ ಹುಡುಗರು ಸಂಘ ಕಟ್ಟಿದ ಕತೆ



ಬರಹ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಹಾಸ್ಟೆಲ್‌ನಲ್ಲಿರೋ, ಪಿಯುಸಿ ಓದ್ತಿರೋ ನಿಮ್ಮ ತಮ್ಮಂದಿರಿಗೆ, ಮಕ್ಕಳಿಗೆ ಓದಿಸಿದರೆ ಇನ್ನೂ ಒಳ್ಳೇದು.

ಕೆಲವು ವಾರದ ಹಿಂದೆ ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ನಮ್ಮನೆ ಮುಂದೆ ನಾಲ್ಕು ಬೈಕು ಬಂದು ನಿಂತವು. ಹತ್ತು ಹನ್ನೊಂದು ಹುಡುಗರು. ಎಲ್ಲ ನಮ್ಮ ಕೇರಿ ಹೈಕ್ಳೇ. ಸುಮಾರು ಜನ ಪಿಯುಸಿ, ಇಬ್ಬರು ಐಟಿಐ, ಒಬ್ಬ ಓದು ಬಿಟ್ಟು ಗ್ಯಾರೇಜಲ್ಲಿರೋನು. ಅವತ್ತು ಸಂಜೆ ಇವರ ಜೊತೆಯ ಹುಡುಗನೊಬ್ಬನನ್ನು ಅವನ ಕಾಲೇಜಿನ ಹುಡುಗರೇ ಏಳೆಂಟು ಜನ ಸೇರಿ ಬಸ್‌ಸ್ಟ್ಯಾಂಡ್ ಹಿಂದೆ ಹಾಕಿಕೊಂಡು ಹೊಡೆದಿದ್ದರು. ಕಾರಣ ಕೇಳಿದ್ರೆ, ಅವನು ಮೊಬೈಲಲ್ಲಿ ಬಾಬಾಸಾಹೇಬರ ಹಾಡಿನ ಸ್ಟೇಟಸ್ ಹಾಕಿದ್ದ. ಅದಕ್ಕೊಬ್ಬ ಜಾತಿ ಹಿಡಿದು ಬೈದ. ಇವನು ತಿರುಗಿ ಬೈದ. ಮೂರು ದಿನ ಬಿಟ್ಟು ಗುಂಪು ಕಟ್ಟಿಕೊಂಡು ಬಂದರು. ತಲೆಗೆ ಆರು ಹೊಲಿಗೆ, ಎಡಗೈ ಮೂಳೆ ಬಿರುಕು.

ಯಾವ ಊರು, ಯಾವ ಕಾಲೇಜು ಅಂತ ಬರೆಯಲ್ಲ. ಹೊಡೆದವರೂ ಹೊಡೆಸಿಕೊಂಡವನೂ ಹದಿನೆಂಟು ತುಂಬದ ಮಕ್ಕಳು. ಅಂಥವರ ಗುರುತು ಹೊರಗೆ ಹಾಕಬಾರದು ಅಂತ ಕಾನೂನೇ ಇದೆ. ಯಾರೂ ಕಾಮೆಂಟಲ್ಲಿ ಹೆಸರು ಹಾಕಬೇಡಿ, ದಯವಿಟ್ಟು.

ಬಂದ ಹುಡುಗರು ಕೇಳಿದ್ದು ಒಂದೇ ಮಾತು. "ಅಣ್ಣ, ನೀವೊಂದು ಹೂಂ ಅನ್ನಿ ಸಾಕು. ಮಿಕ್ಕಿದ್ದು ನಾವು ನೋಡ್ಕತೀವಿ." ಒಂದು ಬೈಕಿನ ಟ್ಯಾಂಕ್ ಮೇಲೆ ಟವೆಲ್ಲಲ್ಲಿ ಏನೋ ಸುತ್ತಿ ಇಟ್ಟಿದ್ದರು. ಏನು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಲ್ಲರನ್ನೂ ಜಗುಲಿ ಮೇಲೆ ಕೂರಿಸಿದೆ. ನಮ್ಮನೆಯವರು ಎದ್ದು ಟೀ ಇಟ್ಟರು. ಆ ಸಿಟ್ಟಲ್ಲಿ ಬುದ್ಧಿವಾದ ಹೇಳಿದ್ರೆ ಕೇಳೋ ಹಾಗಿರಲಿಲ್ಲ. ಕತೆ ಹೇಳ್ತೀನಿ, ಕೇಳಿ ಆಮೇಲೆ ಎಲ್ಲಿಗಾದ್ರೂ ಹೋಗಿ ಅಂದೆ. ಅವತ್ತು ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೀತಿದೀನಿ.

ಮೊದಲ ಕತೆ ಧಾರವಾಡದ್ದು. 1856. ಒಬ್ಬ ಮಹಾರ್ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಬೇಕು ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಆ ವರ್ಷ ಜೂನ್‌ನಲ್ಲಿ ಅವನ ಅರ್ಜಿ ಬೊಂಬಾಯಿ ಸರ್ಕಾರದ ಮುಂದೆ ಹೋಯ್ತು. ಜುಲೈನಲ್ಲಿ ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಮಿಕ್ಕವರಿಗೆ ಶಾಲೆಯಿಂದ ಏನೂ ಪ್ರಯೋಜನ ಇಲ್ಲದಂಗೆ ಆಗುತ್ತೆ. ಎರಡು ವರ್ಷ ಬಿಟ್ಟು, 1858ರಲ್ಲಿ, ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದು ಕಳಿಸಿದರು. ಬಾಬಾಸಾಹೇಬರು ಈ ಧಾರವಾಡದ ಪ್ರಕರಣವನ್ನು ಮರೆಯದೆ ಎತ್ತಿ ಹೇಳಿದ್ದಾರೆ. ಶಾಲೆಯ ಬಾಗಿಲಲ್ಲಿ ನಮ್ಮ ಮಕ್ಕಳಿಗೆ ಎದುರಾಗೋ ಗುಂಪಿನ ಇತಿಹಾಸ ಅಲ್ಲಿಂದಲೇ ಶುರು. ಆಗ ಗುಂಪು ದೊಣ್ಣೆ ಎತ್ತಲಿಲ್ಲ. ಎತ್ತೋ ಅಗತ್ಯವೇ ಇರಲಿಲ್ಲ. "ನಾವು ಶಾಲೆ ಬಿಡ್ತೀವಿ" ಅನ್ನೋ ಬೆದರಿಕೆಗೇ ಸರ್ಕಾರ ಮಣಿದಿತ್ತು. ಕೈ ಎತ್ತೋ ಕಾಲ ಬಂದಿದ್ದು ನಮ್ಮವರು ಶಾಲೆ, ಕಾಲೇಜಿನ ಒಳಗೆ ಕಾಲಿಟ್ಟು, ಬೆಂಚಿನ ಮೇಲೆ ಕೂತು, ಬಾಯಿ ಬಿಟ್ಟು ಮಾತಾಡಿದ ಮೇಲೆ.

ಆ ಕಾಲ ಬಂದಿದ್ದು 1973ರ ನವೆಂಬರಿನಲ್ಲಿ. ನಮ್ಮ ಚಳವಳಿಯ ಹಿರಿಯರಿಗೆ ಈ ಕತೆ ಗೊತ್ತು. ಆದರೆ ಜಗುಲಿ ಮೇಲೆ ಕೂತಿದ್ದ ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅದಕ್ಕೇ ಬಿಡಿಸಿ ಬರೀತೀನಿ.

ಬಿ. ಬಸವಲಿಂಗಪ್ಪನವರು ಆಗ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿ. ಪೌರಾಡಳಿತ ಖಾತೆ. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಬೇಕು ಅಂತ ಆದೇಶ ಹೊರಡಿಸಿದವರು ಅವರೇ. ದೇವರ ಪಟಗಳನ್ನು ಮನೆಯಿಂದ ಆಚೆ ಎಸೀರಿ ಅಂತ ನಮ್ಮ ಜನಕ್ಕೆ ಹೇಳಿ ಆಗಲೇ ಎಷ್ಟೋ ಜನರ ಕೆಂಗಣ್ಣಿಗೆ ಗುರಿಯಾಗಿದ್ದರು. ಮೈಸೂರಿನ ಒಂದು ಸಭೆಯಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ನಮ್ಮ ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಬೇಕು ಅನ್ನೋದು ಅವರ ಮಾತಿನ ಹಿಂದಿದ್ದ ಕಾಳಜಿ. ಬೂಸಾ ಅಂದ್ರೆ ದನಕ್ಕೆ ಹಾಕೋ ಮೇವು, ನಮ್ಮ ಹಾಸನದ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮಾತು ಸರಿಯೋ ತಪ್ಪೋ ಅಂತ ಚರ್ಚೆ ಮಾಡಬಹುದಿತ್ತು. ಆದರೆ ಅದು ಕಾಲೇಜಿನ ಚರ್ಚಾಕೂಟದಲ್ಲಿ ನಿಲ್ಲಲಿಲ್ಲ, ಬೀದಿಗೆ ಬಂತು. ಮೇಲ್ಜಾತಿ ವಿದ್ಯಾರ್ಥಿಗಳು ಗುಂಪುಗುಂಪಾಗಿ ಇಳಿದರು. ಬೆಂಗಳೂರು, ಮೈಸೂರು ಸೇರಿದಂಗೆ ಹಲವು ಊರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಹಾಸ್ಟೆಲುಗಳ ಮೇಲೆ ದಾಳಿ ಆಯ್ತು. ಮಂತ್ರಿ ಆಡಿದ ಮಾತಿಗೆ ಏಟು ಬಿದ್ದಿದ್ದು ಯಾರಿಗೆ? ಹಳ್ಳಿಯಿಂದ ಟ್ರಂಕು ಹೊತ್ಕೊಂಡು ಬಂದು, ಮನೆತನದಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗರಿಗೆ. ಅವರಲ್ಲಿ ಎಷ್ಟೋ ಜನಕ್ಕೆ ಬಸವಲಿಂಗಪ್ಪನವರು ಏನು ಅಂದರು ಅನ್ನೋದು ಏಟು ಬಿದ್ದ ಮೇಲೆ ಗೊತ್ತಾಗಿರಬೇಕು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು.

ಸಿದ್ದಲಿಂಗಯ್ಯನವರು ಆಗ ಬೆಂಗಳೂರಿನಲ್ಲಿ ವಿದ್ಯಾರ್ಥಿ. ಬಸವಲಿಂಗಪ್ಪನವರ ಪರವಾಗಿ ನಿಂತು ಮಾತಾಡಿದವರಲ್ಲಿ ಒಬ್ಬರು. ಆ ದಿನಗಳ ನೆನಪನ್ನು 'ಊರುಕೇರಿ'ಯಲ್ಲಿ ಬರೆದಿದ್ದಾರೆ. ಹಾಸ್ಟೆಲ್ ಹುಡುಗರು ತಪ್ಪದೆ ಓದಬೇಕಾದ ಪುಸ್ತಕ.

ಇಲ್ಲಿಗೆ ಬಂದಾಗ ಜಗುಲಿ ಮೇಲಿದ್ದ ಒಬ್ಬ ಕೇಳಿದ, "ಆಮೇಲೆ ನಮ್ಮೋರು ತಿರುಗಿಸಿ ಹೊಡೆದ್ರಾ ಅಣ್ಣ?"

ಹೊಡೆದಾಟ ನಡೆದಲ್ಲಿ ಕೈ ಕಟ್ಟಿಕೊಂಡು ಕೂತಿರಲಿಲ್ಲ, ಅದು ನಿಜ. ಆದರೆ ಇವತ್ತಿಗೂ ಉಳಿದಿರೋದು ಆ ಹೊಡೆದಾಟ ಅಲ್ಲ. ಅವರು ಅದರ ಮಾರನೇ ದಿನದಿಂದ ಮಾಡಿದ ಕೆಲಸ. ಹಾಸ್ಟೆಲ್ ರೂಮುಗಳಲ್ಲಿ ಕೂತು ಮಾತಾಡೋಕೆ ಶುರು ಮಾಡಿದರು. ನಮಗೆ ಯಾಕೆ ಹೊಡೆದರು, ನಮ್ಮ ಪರ ಯಾರೂ ಯಾಕೆ ಬರಲಿಲ್ಲ, ಪೊಲೀಸು, ಪೇಪರು, ಪ್ರಾಂಶುಪಾಲರು ಯಾಕೆ ಆ ಕಡೆ ಇದ್ದರು ಅಂತ. ಈ ಊರಿನ ಹಾಸ್ಟೆಲಿನೋರು ಆ ಊರಿನ ಹಾಸ್ಟೆಲಿಗೆ ಕಾಗದ ಬರೆದರು, ಬಸ್ಸು ಹತ್ತಿ ಹೋದರು. ಮೇಷ್ಟ್ರುಗಳು ಜೊತೆಗೆ ಬಂದರು. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಪಾಠ ಮಾಡ್ತಿದ್ದರು. 1974-75ರ ಹೊತ್ತಿಗೆ ಅವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮುಂತಾದವರು ಅದರ ಜೊತೆ ಬೆಳೆದರು. ಮೈಸೂರಿನಿಂದ 'ಪಂಚಮ' ಪತ್ರಿಕೆ ಬಂತು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಊರೂರ ಕೇರಿಗಳಲ್ಲಿ ತಮಟೆ ಹಿಡಿದು ಹಾಡಿದರು. ಆ ಸಮಿತಿಯಲ್ಲಿ ಅಧ್ಯಕ್ಷರು ಇರಲಿಲ್ಲ, ಸಂಚಾಲಕರು ಇದ್ದರು. ಮುಂದೆ ಭೂಮಿ ಕೇಳಿದರು. ಹೆಂಡ ಬೇಡ, ವಸತಿ ಶಾಲೆ ಬೇಕು ಅಂದರು.

ಕೊನೆಯ ಮಾತನ್ನು ಇನ್ನೊಂದು ಸಲ ಓದಿ. ಹಾಸ್ಟೆಲಿನಲ್ಲಿ ಏಟು ತಿಂದ ಪೀಳಿಗೆ, ತಮ್ಮ ಮುಂದಿನೋರಿಗೆ ಅಂತ ಸರ್ಕಾರದ ಹತ್ತಿರ ಕೇಳಿದ್ದು ಶಾಲೆ ಮತ್ತು ಹಾಸ್ಟೆಲು. ಇವತ್ತು ಮೊರಾರ್ಜಿ ಶಾಲೆ, ವಸತಿ ಶಾಲೆ ಅಂತ ನಮ್ಮ ಮಕ್ಕಳು ಓದ್ತಿದ್ದಾರಲ್ಲ, ಅದರ ಹಿಂದೆ ಆ ಕೂಗೂ ಇದೆ. ಗುಂಪು ಕಟ್ಟಿ ಹೊಡೆದವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಏಟು ತಿಂದವರು ಕಟ್ಟಿದ ಸಂಘ ಐವತ್ತು ವರ್ಷ ಈ ರಾಜ್ಯದ ರಾಜಕಾರಣ, ಸಾಹಿತ್ಯ ಎರಡನ್ನೂ ಅಲ್ಲಾಡಿಸಿತು.

ಈಗ ನನ್ನ ಕತೆ. ಇದನ್ನು ಇಲ್ಲಿತನಕ ಎಲ್ಲೂ ಬರೆದಿರಲಿಲ್ಲ.

1995. ನಾನು ಹತ್ತನೇ ಕ್ಲಾಸು. ಅರಕಲಗೂಡು ಕಡೆಯ ಒಂದು ಹೈಸ್ಕೂಲು, ಇರೋದು ಹಾಸ್ಟೆಲಿನಲ್ಲಿ. ಹೋಬಳಿ ಮಟ್ಟದ ಕಬಡ್ಡಿಗೆ ಟೀಮು ಆರಿಸಿದಾಗ ಹಾಸ್ಟೆಲಿನೋರೇ ನಾಲ್ಕು ಜನ ಬಂದ್ವಿ. ಊರಿನ ಹುಡುಗರಿಗೆ ಅದು ತಡೀಲಿಲ್ಲ. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ, ಕೆರೆ ಏರಿ ಮೇಲೆ ಕಾದು ನಿಂತು ಹೊಡೆದರು. ಸೈಕಲ್ ಚೈನು, ಹುಣಸೆ ಬರ್ಲು. ನನ್ನ ಬೆಂಚಿನ ಗೆಳೆಯ ಒಬ್ಬ ಮಾತ್ರ ತಿರುಗಿ ಬಿದ್ದ. ಒಂದು ಕಲ್ಲು ತೆಗೆದು ಎಸೆದ, ಒಬ್ಬನ ಹುಬ್ಬು ಒಡೀತು.

ಸೋಮವಾರ ಹೆಡ್‌ಮಾಸ್ಟರ್ ರೂಮಿನಲ್ಲಿ ಪಂಚಾಯ್ತಿ. ಊರಿನ ದೊಡ್ಡೋರು ಕುರ್ಚಿ ಮೇಲೆ, ನಮ್ಮಪ್ಪಂದಿರು ಬಾಗಿಲ ಆಚೆ. ಚೈನಲ್ಲಿ ಹೊಡೆದವರಿಗೆ "ಇನ್ನೊಂದು ಸಲ ಹಿಂಗ್ ಮಾಡಬೇಡಿ" ಅಂದರು. ಕಲ್ಲು ಎಸೆದವನಿಗೆ ಟಿಸಿ ಕೊಟ್ಟರು. "ಏನಾಯ್ತು ಹೇಳೋ" ಅಂತ ನನ್ನನ್ನೂ ಕೇಳಿದರು. ನಾನು ನೆಲ ನೋಡ್ತಾ ನಿಂತೆ. ಹಾಸ್ಟೆಲ್ ಸೀಟು ಹೋದರೆ ಅನ್ನೋ ಭಯ. ಒಂದು ಮಾತು ಹೇಳಲಿಲ್ಲ. ಅವನು ಹಾಸಿಗೆ ಸುತ್ತಿಕೊಂಡು ಹೋದವನು ವಾಪಸ್ ಸ್ಕೂಲು ನೋಡಲಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದ. ನಾನು ಪಾಸಾದೆ, ಬಿಎ ಮಾಡಿದೆ, ಒಂದು ಆಫೀಸಿನಲ್ಲಿ ಗುಮಾಸ್ತ ಆದೆ. ಲೆಕ್ಕದಲ್ಲಿ ಅವನು ನನಗಿಂತ ಬಹಳ ಚುರುಕು.

ಸಂಘಟನೆಗೆ ಯಾಕೆ ಬಂದೆ ಅಂತ ಎಷ್ಟೋ ಜನ ಕೇಳ್ತಾರೆ. ಏನೇನೋ ಉತ್ತರ ಕೊಟ್ಟಿದೀನಿ. ನಿಜವಾದ ಉತ್ತರ ಆ ಸೋಮವಾರ.

ಈ ಟಿಸಿ ಅನ್ನೋ ಶಿಕ್ಷೆ ನಮ್ಮೂರಲ್ಲಿ ಮಾತ್ರ ಇಲ್ಲ. ಅಮೆರಿಕದ ಲಿಟಲ್ ರಾಕ್ ಅನ್ನೋ ಊರಲ್ಲಿ 1957ರಲ್ಲಿ ಒಂಬತ್ತು ಜನ ಕಪ್ಪು ಮಕ್ಕಳು ಬಿಳಿಯರ ಹೈಸ್ಕೂಲಿಗೆ ಸೇರಿದರು. ಅಲ್ಲಿನ ಗವರ್ನರ್ ಸಿಪಾಯಿಗಳನ್ನು ನಿಲ್ಲಿಸಿ ತಡೆದ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಿ ಮಕ್ಕಳನ್ನು ಒಳಗೆ ಬಿಡಿಸಬೇಕಾಯ್ತು. ಗೇಟಿನ ತನಕ ಸೈನ್ಯ ಬಂತು, ಸರಿ. ಕ್ಲಾಸಿನ ಒಳಗೆ, ಮೆಟ್ಟಿಲ ಮೇಲೆ, ಕ್ಯಾಂಟೀನಿನಲ್ಲಿ ಬಿಳಿ ಹುಡುಗರ ಗುಂಪುಗಳು ದಿನಾ ಒದೆಯೋದು, ತಳ್ಳೋದು, ಹೆಸರು ಕರೆಯೋದು ನಿಲ್ಲಲಿಲ್ಲ. ಮಿನಿಜೀನ್ ಬ್ರೌನ್ ಅನ್ನೋ ಹುಡುಗಿ ಡಿಸೆಂಬರಿನಲ್ಲಿ ತಡೆಯಲಾರದೆ ಕ್ಯಾಂಟೀನಿನಲ್ಲಿ ತನ್ನ ತಟ್ಟೆಯ ಸಾರು ಹುಡುಗರ ಮೇಲೆ ಚೆಲ್ಲಿದಳು. ಅವಳನ್ನು ಸಸ್ಪೆಂಡ್ ಮಾಡಿದರು. 1958ರ ಫೆಬ್ರವರಿಯಲ್ಲಿ ಶಾಲೆಯಿಂದಲೇ ತೆಗೆದು ಹಾಕಿದರು. ಆಮೇಲೆ ಬಿಳಿ ಹುಡುಗರು "ಒಂದು ಹೋಯ್ತು, ಇನ್ನು ಎಂಟು" ಅಂತ ಚೀಟಿ ಹಂಚಿಕೊಂಡರು.

ಗುಂಪಿಗೆ ಬೇಕಾಗಿರೋದು ಅದೇ. ತಿಂಗಳುಗಟ್ಟಲೆ ಚುಚ್ಚಿ ಚುಚ್ಚಿ, ನಮ್ಮ ಹುಡುಗ ಒಂದು ಸಲ ಕೈ ಎತ್ತೋ ಹಾಗೆ ಮಾಡೋದು. ಆ ಒಂದು ಸಲ ಮಾತ್ರ ದಾಖಲೆಗೆ ಹೋಗುತ್ತೆ. ಮಿಕ್ಕ ತಿಂಗಳುಗಳಿಗೆ ಕಾಗದವೇ ಇರಲ್ಲ. ಗುಮಾಸ್ತನಾಗಿ ಇಪ್ಪತ್ತು ವರ್ಷದಿಂದ ಕಾಗದ ನೋಡ್ತಿರೋನು ನಾನು. ಫೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ಲೆಕ್ಕ.

ಇನ್ನು ಹತ್ತಿರದ ಕತೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿ. 2023ರ ಆಗಸ್ಟ್ 9. ಹನ್ನೆರಡನೇ ತರಗತಿಯ ದಲಿತ ಹುಡುಗನೊಬ್ಬ ಸಹಪಾಠಿಗಳ ಕಾಟ ತಡೀಲಾರದೆ ಶಾಲೆಗೆ ಹೋಗೋದೇ ಬಿಟ್ಟಿದ್ದ. ಶಾಲೆಯವರು ಕರೆಸಿ ಕೇಳಿದಾಗ ನಡೆದಿದ್ದನ್ನು ಹೇಳಿದ. ಹೊತ್ತು ಮುಳುಗಿದ ಮೇಲೆ ಆ ಹುಡುಗರು ಮಚ್ಚು ಹಿಡಿದು ಅವನ ಮನೆಗೇ ನುಗ್ಗಿದರು. ತಡೆಯೋಕೆ ಬಂದ ತಂಗಿಗೂ ಹೊಡೆದರು. ಇಬ್ಬರೂ ಬದುಕಿದರು. ಮರುವರ್ಷ ಆ ಹುಡುಗ ಪರೀಕ್ಷೆ ಬರೆದು ಒಳ್ಳೆ ಅಂಕದಲ್ಲಿ ಪಾಸಾದ.

ನಾಂಗುನೇರಿಯಿಂದ ನಾವು ಕಲೀಬೇಕಾದ್ದು ಒಂದಿದೆ. ಆ ಹುಡುಗ ದೂರು ಹೇಳಿದ. ಹೇಳಿದ ಅನ್ನೋದು ಹೊಡೆಯೋರಿಗೂ ಗೊತ್ತಾಯ್ತು. ಆದರೆ ಹೇಳಿದ ಮೇಲೆ ಅವನ ಮನೆ ಬಾಗಿಲಲ್ಲಿ ಯಾರೂ ಇರಲಿಲ್ಲ. ದೂರು ಕೊಟ್ಟ ಗಂಟೆಯಿಂದ ಮುಂದಿನ ಒಂದೆರಡು ರಾತ್ರಿಗಳೇ ಎಲ್ಲಕ್ಕಿಂತ ಅಪಾಯದ ಹೊತ್ತು. "ದೂರು ಕೊಡು" ಅಂತ ಮಕ್ಕಳಿಗೆ ಹೇಳೋ ನಾವು, ಆ ರಾತ್ರಿ ಅಲ್ಲಿರ್ತೀವಾ ಅಂತ ಮೊದಲು ಕೇಳ್ಕೋಬೇಕು.

ಆ ಘಟನೆ ಆದ ಮೇಲೆ ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ಮಾಡಿತು. 2024ರ ಜೂನಿನಲ್ಲಿ ವರದಿ ಕೊಟ್ಟರು. ಮಕ್ಕಳು ಜಾತಿ ತೋರಿಸೋ ಬಣ್ಣದ ದಾರ, ಕೈಪಟ್ಟಿ, ಉಂಗುರ ಹಾಕಬಾರದು. ಶಾಲೆಗಳ ಹೆಸರಿನಲ್ಲಿ ಜಾತಿ ಇರಬಾರದು. ದೊಡ್ಡ ಶಾಲೆಗಳಿಗೆ ಮಕ್ಕಳ ಕ್ಷೇಮ ನೋಡೋಕೆ ಅಂತಲೇ ಒಬ್ಬ ಅಧಿಕಾರಿ ಬೇಕು. ಒಂದೇ ಜಾತಿ ಹೆಚ್ಚಿರೋ ಊರಲ್ಲಿ ಅದೇ ಜಾತಿಯ ಮುಖ್ಯಶಿಕ್ಷಕರನ್ನು ಹಾಕಬಾರದು. ಹೀಗೆ ಹಲವು ಶಿಫಾರಸು. ಅಲ್ಲಿ ಕೈಪಟ್ಟಿ ಆದ್ರೆ, ನಮ್ಮಲ್ಲಿ ಬೈಕಿನ ಸ್ಟಿಕ್ಕರು, ಜಾತಿ ಹೆಸರಿನ ವಾಟ್ಸಾಪ್ ಗುಂಪು, ಹುಟ್ಟುಹಬ್ಬದ ಫ್ಲೆಕ್ಸು. ಶಾಲೆ ಗೋಡೆಯ ಒಳಗೆ ಇವು ಹೆಂಗೆ ಬರ್ತಾವೆ ಅಂತ ಕೇಳಬೇಡಿ. ಊರಲ್ಲಿ ಇರೋದೇ ಶಾಲೆಗೆ ಬರೋದು. ನಮ್ಮ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಸ್ತ್ರೀಶಕ್ತಿ ಸಂಘದ ನಮ್ಮ ಹೆಣ್ಣುಮಕ್ಕಳು ದೇವಸ್ಥಾನದ ಒಳಗೆ ಹೋದರು ಅಂತ ಸಾವಿರ ರೂಪಾಯಿ ದಂಡ ಕೇಳಿದರು. ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ನಮ್ಮ ಯುವಕರು ಹೋಟೆಲು, ದೇವಸ್ಥಾನದ ಒಳಗೆ ಹೋಗೋಕೆ 2021ರ ತನಕ ಕಾಯಬೇಕಾಯ್ತು, ಅದೂ ಅಧಿಕಾರಿಗಳು ಬಂದು ನಿಂತ ಮೇಲೆ. ದೊಡ್ಡೋರು ಹಿಂಗಿದ್ರೆ ಚಿಕ್ಕೋರು ಬೇರೆ ಹೆಂಗಿರ್ತಾರೆ?

ನಮ್ಮ ಕಡೆಯದ್ದೂ ಒಂದು ಮಾತು ಹೇಳಲೇಬೇಕು. ಕೆಲವರಿಗೆ ಬೇಜಾರಾಗಬಹುದು. ನಮ್ಮ ಹುಡುಗರ ಮೊಬೈಲು ನೋಡಿ. ನೀಲಿ ಶಾಲು ಹಾಕಿಕೊಂಡು ಮಚ್ಚು ಹಿಡಿದ ರೀಲ್ಸು. ಬಾಬಾಸಾಹೇಬರ ಫೋಟೋ ಹಿಂದೆ ರೌಡಿ ಸಿನಿಮಾದ ಮ್ಯೂಸಿಕ್ಕು. ಬಾಬಾಸಾಹೇಬರ ಓದು, ಡಿಗ್ರಿ ಅಂತ ಭಾಷಣ ಮಾಡ್ತೀವಿ, ಹುಡುಗರು ನೋಡಿ ಕಲಿಯೋದು ಹವಾ. ಹಾಸ್ಟೆಲಿನಲ್ಲಿ ಎಡ ಬಲ ಅಂತ ನಮ್ಮ ನಮ್ಮಲ್ಲೇ ಬೇರೆ ಬೇರೆ ರೂಮು. ಆ ರಾತ್ರಿ ಟವೆಲ್ ಸುತ್ತಿಕೊಂಡು ಬಂದ ಹುಡುಗರಿಗೆ ಗ್ಯಾಂಗು ಗೊತ್ತಿತ್ತು, ಸಂಘ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ನಾವು ಹಾಸ್ಟೆಲಿಗೆ ಹೋಗೋದು ಬಿಟ್ಟಿದೀವಿ. ಬಣ ಬಣವಾಗಿ ಒಡೆದು, ಲೆಟರ್‌ಹೆಡ್ಡು ಮಾಡಿಸಿ, ಏಪ್ರಿಲ್ 14 ಮತ್ತು ಡಿಸೆಂಬರ್ 6ಕ್ಕೆ ಮಾತ್ರ ಮಕ್ಕಳನ್ನು ಕರೀತಿದೀವಿ. ಖಾಲಿ ಬಿಟ್ಟ ಜಾಗಕ್ಕೆ ಇನ್ಯಾರೋ ಬಂದು ಕೂರ್ತಾರೆ.

ಆ ರಾತ್ರಿ ಒಂದು ಗಂಟೆ ಹೊತ್ತಿಗೆ ಹುಡುಗರು ಒಪ್ಪಿದರು. ಮಾರನೇ ದಿನದಿಂದ ನಾವು ಮಾಡಿದ್ದನ್ನು, ಮಾಡುವಾಗ ಕಲಿತಿದ್ದನ್ನು ಬರೀತೀನಿ. ನಿಮ್ಮೂರಲ್ಲಿ ಇಂಥದ್ದು ಆದರೆ ಉಪಯೋಗಕ್ಕೆ ಬರುತ್ತೆ.

1. ಮೊದಲು ಸರ್ಕಾರಿ ಆಸ್ಪತ್ರೆ. ಬಿದ್ದು ಗಾಯ ಆಯ್ತು ಅಂತ ಬರೆಸಬೇಡಿ. ಹೊಡೆದರು ಅಂತಲೇ ಹೇಳಿ ಎಂಎಲ್‌ಸಿ ಮಾಡಿಸಿ. ಗಾಯದ ಸರ್ಟಿಫಿಕೇಟೇ ಮುಂದೆ ಮಾತಾಡೋದು. ಗಾಯದ ಫೋಟೋ ಸ್ಟೇಟಸ್‌ಗೆ ಹಾಕಬೇಡಿ, ಜೋಪಾನ ಇಟ್ಕೊಳ್ಳಿ.

2. ದೂರು ಬರವಣಿಗೆಯಲ್ಲಿ. ದಿನ, ಹೊತ್ತು, ಜಾಗ, ಹೊಡೆದವರು, ನೋಡಿದವರು, ಬೈದ ಮಾತು ಅಂದಂತೆಯೇ. ಜಾತಿ ನಿಂದನೆ, ಹಲ್ಲೆ ಇದ್ದಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿಯಲ್ಲಿ, 18ಎ ಕಲಮಿನಲ್ಲಿ ಬರೆದಿದೆ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡೋ ಹಾಗಿಲ್ಲ. ಅಧಿಕಾರಿ ಬೇಕಂತಲೇ ಕರ್ತವ್ಯ ಬಿಟ್ಟರೆ 4ನೇ ಕಲಂ ಇದೆ. ಸಾಕ್ಷಿಗಳಿಗೆ, ಸಂತ್ರಸ್ತರಿಗೆ ರಕ್ಷಣೆ ಕೇಳೋಕೆ 15ಎ ಇದೆ. ಇವನ್ನು ಸ್ಟೇಷನ್ನಿನಲ್ಲಿ ಕೂಗಾಡದೆ, ನಿಧಾನವಾಗಿ, ನಂಬರ್ ಸಮೇತ ಹೇಳಿ.

3. ಕಾಲೇಜಿಗೂ ಒಂದು ಪ್ರತಿ. ಬಾಯಿ ಮಾತಲ್ಲಿ ಹೇಳಿ ಬರಬೇಡಿ. ಕಚೇರಿಯಲ್ಲಿ ಕೊಟ್ಟು, ಇನ್‌ವರ್ಡ್ ನಂಬರ್ ಹಾಕಿಸಿ, ಸೀಲು ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಹೊಡೆಯೋದಕ್ಕೆ ಮುಂಚೆ ನಡೆದ ಕೀಟಲೆ, ಬೈಗುಳ, ಬೆದರಿಕೆಗೂ ಹೀಗೇ ಮಾಡಿ. ಮೂರು ತಿಂಗಳಲ್ಲಿ ಮೂರು ಸ್ವೀಕೃತಿ ಇದ್ದರೆ, ನಾಲ್ಕನೇ ದಿನ "ಎರಡೂ ಕಡೆ ತಪ್ಪಿದೆ" ಅಂತ ಹೇಳೋದು ಅಷ್ಟು ಸುಲಭ ಇಲ್ಲ.

4. ಆ ರಾತ್ರಿ ಜೊತೆಗಿರಿ. ನಾವು ನಾಲ್ಕು ಜನ ದೊಡ್ಡೋರು ಮೂರು ರಾತ್ರಿ ಹುಡುಗನ ಮನೆ ಜಗುಲಿಯಲ್ಲಿ ಮಲಗಿದ್ವಿ. ಬೀಟ್ ಪೊಲೀಸಿಗೆ ಹೇಳಿ ಎರಡು ಸಲ ಬಂದು ಹೋಗೋ ಹಾಗೆ ಮಾಡಿದ್ವಿ. ಹುಡುಗರನ್ನು ಕಾವಲಿಗೆ ಹಾಕಬೇಡಿ. ಕಾವಲು ದೊಡ್ಡೋರ ಕೆಲಸ.

5. ಟಿಸಿ, ರಾಜಿ ಎರಡಕ್ಕೂ ಆತುರ ಬೇಡ. ಖಾಲಿ ಹಾಳೆ ಮೇಲೆ ಸೈನ್ ಮಾಡಬೇಡಿ. ಕೌಂಟರ್ ಕೇಸ್ ಹಾಕ್ತೀವಿ ಅಂತ ಹೆದರಿಸ್ತಾರೆ. ನಮ್ಮ ಹುಡುಗರು ಅವತ್ತು ರಾತ್ರಿ ಬೈಕ್ ಹತ್ತಿ ಹೋಗಿದ್ದಿದ್ರೆ ಆ ಕೇಸು ನಿಜವಾಗಿಯೂ ನಿಲ್ತಿತ್ತು. ಹೋಗಿಲ್ಲ, ಹಂಗಾಗಿ ನಿಲ್ಲಲಿಲ್ಲ.

6. ಹೊಡೆದ ಮಕ್ಕಳ ವಿಷಯ. ಇದರಲ್ಲಿ ನಮ್ಮಲ್ಲೇ ಜಗಳ ಆಯ್ತು. ಅವರೂ ಹದಿನೆಂಟು ತುಂಬದೋರು. ಲಾಕಪ್ಪಿಗೆ, ಜೈಲಿಗೆ ಹಾಕೋ ಹಾಗಿಲ್ಲ, ಬಾಲನ್ಯಾಯ ಮಂಡಳಿ ಮುಂದೆ ಹೋಗಬೇಕು. "ಅವರನ್ನು ಜೈಲಿಗೆ ಹಾಕಿಸಿ" ಅಂತ ನಮ್ಮವರು ಕೂಗಿದರು. ನಾನು ಬೇಡ ಅಂದೆ. ಕಾನೂನು ಎಲ್ಲ ಮಕ್ಕಳಿಗೂ ಒಂದೇ. ನಾಳೆ ನಮ್ಮ ಗ್ಯಾರೇಜ್ ಹುಡುಗನಿಗೂ ಅದೇ ಕಾನೂನು ಬೇಕಾಗುತ್ತೆ. ಮಂಡಳಿ ಮುಂದೆ ಪ್ರಕರಣ ನಡೀಲಿ, ಮಾಡಿದ್ದು ತಪ್ಪು ಅಂತ ಅಲ್ಲಿ ದಾಖಲಾಗಲಿ, ತಿದ್ದೋ ವ್ಯವಸ್ಥೆ ತಿದ್ದಲಿ. ಅವರ ಹಿಂದೆ ನಿಂತು ಚೈನು ಕೊಟ್ಟು ಕಳಿಸಿದ ದೊಡ್ಡೋರು ಯಾರಾದ್ರೂ ಇದ್ದರೆ, ಅವರಿಗೆ ಯಾವ ರಿಯಾಯಿತಿಯೂ ಬೇಡ.

7. ಆಗೋಕೆ ಮುಂಚೆ ಮಾಡೋ ಕೆಲಸ. ನಾನು ಕಂಡಂಗೆ ಇಂಥ ಹೊಡೆದಾಟ ಆಗೋದು ಕ್ಲಾಸಿನಲ್ಲಿ ಅಲ್ಲ. ಬೆಲ್ಲು ಹೊಡೆದ ಮೇಲೆ ಬಸ್ಸು ಬರೋ ತನಕ ಇರೋ ಒಂದು ಗಂಟೆಯಲ್ಲಿ. ಆ ಒಂದು ಗಂಟೆ ಇಬ್ಬರು ಮೇಷ್ಟ್ರು ಗೇಟಿನ ಹತ್ತಿರ ನಿಂತರೆ, ಡಿಪೋದವರು ಬಸ್ಸಿನ ಟೈಮು ಸ್ವಲ್ಪ ಹಿಂದಕ್ಕೆ ತಂದರೆ, ಅರ್ಧ ಗಲಾಟೆ ಕಮ್ಮಿ. ಕಬಡ್ಡಿ, ವಾಲಿಬಾಲ್ ಟೀಮುಗಳನ್ನು ಊರು, ಹಾಸ್ಟೆಲು ಅಂತ ಮಾಡದೆ ಬೆರೆಸಿ ಮಾಡಿ. ಎಸ್‌ಡಿಎಂಸಿಯಲ್ಲಿ ನಮ್ಮ ಪೋಷಕರು ಬರೀ ಸೈನ್ ಮಾಡೋಕೆ ಇರಬಾರದು, ಬಾಯಿ ಬಿಡಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿ ಹಾಸ್ಟೆಲಿನ ಗೋಡೆ ಮೇಲೆ ದೊಡ್ಡದಾಗಿ ಬರೆದಿರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ನಿಯಮ ಇದೆ. ಮುಂದಿನ ಸಭೆಯಲ್ಲಿ ಶಾಲಾ ಕಾಲೇಜುಗಳ ವಿಷಯ ಚರ್ಚೆಗೆ ಇಡಿ ಅಂತ ನಮ್ಮ ತಾಲೂಕಿನಿಂದ ಅರ್ಜಿ ಹೋಗಿದೆ. ನೀವೂ ಕಳಿಸಿ.

ಇಷ್ಟೆಲ್ಲ ಬರೆದ ಮೇಲೆ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ಕೇಸು ನಡೀತಿದೆ. ಆ ಹುಡುಗ ಇನ್ನೂ ಕಾಲೇಜಿಗೆ ಒಬ್ಬನೇ ಹೋಗಲ್ಲ, ಅವರಣ್ಣ ಬಿಟ್ಟು ಬರ್ತಾನೆ. ಬಸ್‌ಸ್ಟ್ಯಾಂಡಲ್ಲಿ ನಮ್ಮನ್ನು ಕಂಡ್ರೆ ಕೆಲವರು ಮುಖ ತಿರುಗಿಸ್ತಾರೆ.

ಆ ರಾತ್ರಿ ಹೊರಡುವಾಗ ಗ್ಯಾರೇಜಿನ ಹುಡುಗ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಣ್ಣ, ನೀವು ಹೇಳಿದ ಹಾಸ್ಟೆಲ್ ಹುಡುಗರಿಗೆ ಕೃಷ್ಣಪ್ಪ ಮೇಷ್ಟ್ರು ಇದ್ರು. ನಮಗೆ ಯಾರವ್ರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಮೂವತ್ತು ವರ್ಷದ ಹಿಂದಿನ ಹಾಗೇ ನೆಲ ನೋಡಿದೆ.

ಮುಂದಿನ ಭಾನುವಾರದಿಂದ ನಮ್ಮೂರ ಹಾಸ್ಟೆಲಿನಲ್ಲಿ, ವಾರ್ಡನ್ ಅನುಮತಿ ತಗೊಂಡು, ಬೆಳಗ್ಗೆ ಹತ್ತರಿಂದ ಹನ್ನೆರಡರ ತನಕ ಕೂತ್ಕೋತಿದೀವಿ. ಒಂದು ಗಂಟೆ ಪಾಠ, ಲೆಕ್ಕ ಮತ್ತು ಇಂಗ್ಲಿಷು. ಒಂದು ಗಂಟೆ ಓದು, ಮಾತು. ಮೊದಲನೇ ವಾರ ನಾಲ್ಕು ಜನ ಬಂದರು. ಎರಡನೇ ವಾರ ಹದಿನಾಲ್ಕು. ಮೂರನೇ ವಾರ ಮಳೆ, ಆರು. ಊರಿನ ಕಡೆಯ ಇಬ್ಬರು ಹುಡುಗರೂ ಲೆಕ್ಕ ಹೇಳಿಸಿಕೊಳ್ಳೋಕೆ ಅಂತ ಬಂದಿದ್ದರು. ಬನ್ನಿ ಅಂದ್ವಿ. ಗ್ಯಾರೇಜಿನ ಹುಡುಗ ಇನ್ನೂ ಬಂದಿಲ್ಲ. ಅವನ ಗ್ಯಾರೇಜಿನ ಮುಂದೆ ದಿನಾ ಬೈಕ್ ನಿಲ್ಲಿಸಿ ಮಾತಾಡಿಸಿಕೊಂಡು ಆಫೀಸಿಗೆ ಹೋಗ್ತಿದೀನಿ.

ಇದನ್ನು ಓದ್ತಿರೋ ಅಣ್ಣಂದಿರು, ಅಕ್ಕಂದಿರಲ್ಲಿ ಮೇಷ್ಟ್ರುಗಳಿದೀರಿ, ವಕೀಲರಿದೀರಿ, ನರ್ಸ್‌ಗಳಿದೀರಿ, ನನ್ನಂಗೆ ಗುಮಾಸ್ತರಿದೀರಿ. ಯಾವ ಬಣ ಅನ್ನೋದು ಆಮೇಲೆ ನೋಡ್ಕೊಳ್ಳೋಣ. ನಿಮ್ಮ ಮನೆಗೆ ಹತ್ತಿರದ ಒಂದು ಹಾಸ್ಟೆಲು, ವಾರಕ್ಕೆ ಎರಡು ಗಂಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯೋರು ಯಾರಾದ್ರೂ ಬರೋಕೆ ತಯಾರಿದ್ರೆ ಇನ್‌ಬಾಕ್ಸಿಗೆ ಒಂದು ಸಾಲು ಬರೀರಿ. ಕಾಮೆಂಟಲ್ಲಿ ಜೈ ಭೀಮ್ ಹಾಕಿ ಹೋದರೆ ಸಾಲದು, ಭಾನುವಾರ ಬನ್ನಿ.

ಜೈ ಭೀಮ್.